ಕ್ಯಾಸೆಟ್ಟಿನ ಕೊನೆಯ ಎರಡು ನಿಮಿಷ

(ಸನತ್‌ನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

ಈ ದತ್ತಿ ಇಟ್ಟ ಹಿರಿಯರು ಎರಡು ಷರತ್ತು ಹಾಕಿದ್ದಾರೆ. ಒಂದು, ವೇದಿಕೆಯಲ್ಲಿ ಅವರ ಹೆಸರು ಹೇಳಬಾರದು. ಎರಡು, ಉಪನ್ಯಾಸ ಸಂಗೀತದ ಬಗ್ಗೆ ಇರಬೇಕು, ಆದರೆ ಉಪನ್ಯಾಸಕರು ಹಾಡಬಾರದು. ಎರಡನೆಯ ಷರತ್ತು ಮೊದಲಿನಿಂದಲೂ ಇತ್ತೋ, ನನ್ನನ್ನು ಕರೆಯುವುದೆಂದು ತೀರ್ಮಾನವಾದ ಮೇಲೆ ಸೇರಿತೋ ಎಂದು ಕೇಳಲು ಧೈರ್ಯ ಬರಲಿಲ್ಲ. ಇರಲಿ, ಹಾಡುವುದಿಲ್ಲ. ಒಂದು ಹಳೆಯ ಟೇಪ್‌ರೆಕಾರ್ಡರ್ ತಂದಿದ್ದೇನೆ. ಅದರ ಕೆಲಸ ಕೊನೆಯಲ್ಲಿ.

ಹೈದರಾಬಾದಿನಲ್ಲಿ ಕನ್ನಡದ ಕಾರ್ಯಕ್ರಮ ಎಂದರೆ ಜನ ಕಾಚಿಗುಡದ ದಾರಿ ಹಿಡಿಯುತ್ತಾರೆ. ಸನತ್‌ನಗರಕ್ಕೆ ಬರುತ್ತಿದ್ದವರು ಕೆಲಸ ಹುಡುಕಿಕೊಂಡು ಬರುತ್ತಿದ್ದರು, ಇಲ್ಲವೇ ಇ.ಎಸ್.ಐ. ಆಸ್ಪತ್ರೆಗೆ ಬರುತ್ತಿದ್ದರು. ನನ್ನ ಸೋದರಮಾವ ಭಾಲ್ಕಿ ಕಡೆಯಿಂದ ಇಲ್ಲಿಗೆ ಬಂದದ್ದು ಆಲ್ವಿನ್ ಕಾರ್ಖಾನೆಯ ಕೆಲಸಕ್ಕೆ. ನಿಜಾಮರ ಸರ್ಕಾರದ ಕೈಗಾರಿಕಾ ನಿಧಿಯೂ ಅಲ್ಲಾದ್ದೀನ್ ಕಂಪನಿಯೂ ಕೂಡಿ 1942ರಲ್ಲಿ ಶುರುಮಾಡಿದ ಉದ್ಯಮ ಅದು. ಬಸ್ಸಿನ ಮೈ ಕಟ್ಟಿದರು, ಫ್ರಿಜ್ಜು ಮಾಡಿದರು, ಆಮೇಲೆ ಕೈಗಡಿಯಾರವನ್ನೂ ಮಾಡಿದರು. ಮಾವನಿಗೆ ಹಗಲು ಪಾಳಿ ಇದ್ದ ವಾರ ಸಂಜೆಗಳೆಲ್ಲ ಹಾಡಿಗೆ ಮೀಸಲು.

ಎಂಬತ್ತರ ದಶಕದಲ್ಲಿ ಹಾಡು ಕೇಳುವ ಬಗೆ ಹೇಗಿತ್ತೆಂದು ಇಲ್ಲಿರುವ ತಲೆ ನರೆತವರಿಗೆ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಓಣಿಗೊಂದು ರೆಕಾರ್ಡಿಂಗ್ ಅಂಗಡಿ. ನಿಮಗೆ ಬೇಕಾದ ಹಾಡುಗಳ ಪಟ್ಟಿ ಬರೆದು ಖಾಲಿ ಕ್ಯಾಸೆಟ್ಟಿನ ಜೊತೆ ಕೊಟ್ಟರೆ ಅಂಗಡಿಯವ ತನ್ನಲ್ಲಿದ್ದ ಪ್ಲೇಟುಗಳಿಂದ ಒಂದೊಂದೇ ಹಾಡು ಇಳಿಸಿಕೊಡುತ್ತಿದ್ದ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಬದಿಗೆ ಮೂವತ್ತು ನಿಮಿಷ. ಸಿನಿಮಾ ಹಾಡು ಮೂರೂವರೆ ನಿಮಿಷದ್ದು ಎಂದು ಹಿಡಿದರೂ ಎಂಟು ಹಾಡಿಗೆ ಇಪ್ಪತ್ತೆಂಟು ನಿಮಿಷ. ಉಳಿಯಿತಲ್ಲ ಎರಡು ನಿಮಿಷ? ಅದರಲ್ಲಿ ಇನ್ನೊಂದು ಹಾಡು ಹಿಡಿಸದು. ಖಾಲಿ ಬಿಟ್ಟರೆ ಗಿರಾಕಿಗೆ ಮೋಸ ಹೋದ ಭಾವನೆ. ನಮ್ಮ ಮಾವ ಅಂಗಡಿಯವನಿಗೆ ಈ ಊರಿನ ಭಾಷೆಯಲ್ಲೇ ಹೇಳುತ್ತಿದ್ದರು: "ಖಾಲಿ ಕೈಕು ಛೋಡ್ತೆ ಮಿಯಾ, ಕುಛ್ ಬಿ ಭರ್ ದೇವ್." ಏನಾದರೂ ತುಂಬು ಎಂದು. ಅಂಗಡಿಯವ ತನಗೆ ತೋಚಿದ್ದನ್ನು ತುಂಬುತ್ತಿದ್ದ.

ಹೀಗೆ ತುಂಬಿದ ಒಂದು ತುಣುಕು ನನ್ನ ಕಿವಿಯಲ್ಲಿ ಮೂವತ್ತು ವರ್ಷ ಉಳಿದುಬಿಟ್ಟಿತು. ಮಾವನ ಪಟ್ಟಿಯಲ್ಲಿದ್ದ ಎಂಟೂ ಹಾಡು ರಾಜ್‌ಕುಮಾರ್ ಚಿತ್ರಗಳವು. ಎಂಟನೆಯದು ಮುಗಿದು ಚಿಕ್ಕದೊಂದು ಟಕ್ ಶಬ್ದ. ಆಮೇಲೆ ಎಲ್ಲಿಂದಲೋ ಒಂದು ಸ್ಯಾಕ್ಸೊಫೋನು. ಮಾತಿಲ್ಲ, ಹಾಡುವವರಿಲ್ಲ. ಎರಡು ನಿಮಿಷವೂ ಆಗುವ ಮೊದಲೇ, ಒಂದು ಸ್ವರ ಇನ್ನೂ ಎಳೆಯುತ್ತಿರುವಾಗಲೇ ಟೇಪು ಮುಗಿಯುತ್ತದೆ. ಮಾವ ತೀರಿಕೊಂಡ ಮೇಲೆ ಆ ಕ್ಯಾಸೆಟ್ಟು ನನ್ನ ಪಾಲಿಗೆ ಬಂತು. ಬೇರೆ ಯಾರೂ ಕೇಳಲಿಲ್ಲ ಅನ್ನಿ. ಒಂದು ದಿನ ಮಗಳ ಫೋನಿನಲ್ಲಿ ಏನೋ ಕೇಳುತ್ತಿದ್ದಾಗ ಅದೇ ಸ್ಯಾಕ್ಸೊಫೋನು ಎದುರಾಯಿತು. ಈ ಸಲ ಅರ್ಧಕ್ಕೆ ನಿಲ್ಲಲಿಲ್ಲ. ಅಮೆರಿಕದ ಕೂಲ್ ಅಂಡ್ ದಿ ಗ್ಯಾಂಗ್ ಎಂಬ ವಾದ್ಯತಂಡದ್ದು. ಜಾನ್ ಕೋಲ್ಟ್ರೇನ್ ಎಂಬ ಮಹಾ ಸ್ಯಾಕ್ಸೊಫೋನ್ ವಾದಕರ ಸ್ಮರಣೆಗೆ ನುಡಿಸಿದ್ದು.

ನನಗೆ ನಂಬಿಕೆ ಬರಲಿಲ್ಲ. ಕೂಲ್ ಅಂಡ್ ದಿ ಗ್ಯಾಂಗ್ ಯಾರೆಂದು ನಿಮಗೆ ಹೆಸರಿನಿಂದ ಗೊತ್ತಿಲ್ಲದಿರಬಹುದು, ಆದರೆ ಕೇಳಿರುತ್ತೀರಿ. 1980ರಲ್ಲಿ ಅವರು 'ಸೆಲೆಬ್ರೇಷನ್' ಎಂಬ ಹಾಡು ಹೊರತಂದರು. ಅಂದಿನಿಂದ ಇಂದಿನವರೆಗೆ ಮದುವೆ ಆರತಕ್ಷತೆ, ಕಂಪನಿಯ ವಾರ್ಷಿಕೋತ್ಸವ, ಹುಟ್ಟುಹಬ್ಬ ಯಾವುದನ್ನೂ ಅದು ಬಿಟ್ಟಿಲ್ಲ. ಧ್ವನಿವರ್ಧಕದವರು ಊಟದ ಹೊತ್ತಿಗೆ ಹಾಕುವ ಆ ಕುಣಿತದ ಹಾಡಿನವರೇ ಇವರು. ಇವರಿಗೂ ಈ ಧ್ಯಾನದ ಸ್ಯಾಕ್ಸೊಫೋನಿಗೂ ಏನು ಸಂಬಂಧ?

ಹುಡುಕುತ್ತಾ ಹೋದಾಗ ಕೈಗೆ ಸಿಕ್ಕಿದ್ದು 'ಕೂಲ್ ಜಾಝ್' ಎಂಬ ಸಂಕಲನ. 1970ರ ದಶಕದ ಮೊದಲ ವರ್ಷಗಳದ್ದು. ತಂಡದ ಹಳೆಯ ಆಲ್ಬಮ್ಮುಗಳಲ್ಲಿ ಚದುರಿಹೋಗಿದ್ದ ಜಾಝ್ ಛಾಯೆಯ ರಚನೆಗಳನ್ನಷ್ಟೇ ಆರಿಸಿ ಅವರ ಡಿ-ಲೈಟ್ ಕಂಪನಿ ಒಂದೇ ಪ್ಲೇಟಿಗೆ ಹಾಕಿತು. ಹೊಸದಾಗಿ ನುಡಿಸಿದ್ದಲ್ಲ. ಕಂಪನಿಗಳು ಸಂಕಲನ ತರುವುದು ಸಾಮಾನ್ಯವಾಗಿ ಖರ್ಚಿಲ್ಲದೆ ಇನ್ನೊಂದಿಷ್ಟು ಮಾರಲು. ಇದರ ಹಿಂದೆಯೂ ಅದೇ ಲೆಕ್ಕ ಇದ್ದಿದ್ದರೆ ನನಗೇನೂ ಆಶ್ಚರ್ಯವಿಲ್ಲ. ಆದರೆ ಕೇಳಿದರೆ ಬೇರೊಂದು ತಂಡವೇ ಎದುರು ಬಂದು ಕೂತಂತಾಗುತ್ತದೆ.

ಅದು ಬೇರೆ ತಂಡವಲ್ಲ, ಮೊದಲಿನ ತಂಡ. ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ 1964ರಲ್ಲಿ ಶಾಲೆಗೆ ಹೋಗುವ ಕೆಲವು ಹುಡುಗರು ಸೇರಿದರು. ರಾಬರ್ಟ್ ಬೆಲ್ ಬೇಸ್ ಗಿಟಾರಿಗೆ, ತಮ್ಮ ರೊನಾಲ್ಡ್ ಸ್ಯಾಕ್ಸೊಫೋನಿಗೆ, ಜಾರ್ಜ್ ಬ್ರೌನ್ ಡ್ರಮ್ಮಿಗೆ. ತಂಡಕ್ಕೆ ಅವರು ಇಟ್ಟ ಹೆಸರು 'ಜಾಝಿಯಾಕ್ಸ್'. ಜಾಝ್ ಹುಚ್ಚರು ಎಂದೇ ಇಟ್ಟುಕೊಳ್ಳಿ. ಬೆಲ್ ಸಹೋದರರ ತಂದೆ ಮುಷ್ಟಿಯುದ್ಧದ ಪಟು. ಜಾಝ್ ಪಿಯಾನೊದ ದಿಗ್ಗಜ ಥೆಲೋನಿಯಸ್ ಮಾಂಕ್ ಅವರಿಗೆ ಸ್ನೇಹಿತ. ಹೀಗಿರುವಾಗ ಮಕ್ಕಳು ಇನ್ನೇನಾಗುತ್ತಾರೆ? ಹೊಟ್ಟೆಪಾಡು ಮುಂದೆ ಬೇರೆ ದಾರಿ ತೋರಿಸಿತು. ಹೆಸರುಗಳು ಬದಲಾದವು, ಫಂಕ್ ಎಂಬ ಕುಣಿಸುವ ಸಂಗೀತಕ್ಕೆ ಇಳಿದರು. 1973ರ ಹೊತ್ತಿಗೆ 'ಜಂಗಲ್ ಬೂಗಿ' ಬಂತು, ದುಡ್ಡು ಬಂತು. ಜನ ಜಾಝನ್ನು ಮರೆತರು. ಅವರು ಮರೆಯಲಿಲ್ಲ. 1975ರಲ್ಲಿ ಆ 'ಜಂಗಲ್ ಬೂಗಿ'ಯ ಲಯವನ್ನೇ ಇಟ್ಟುಕೊಂಡು, ಮಾತುಗಳನ್ನು ತೆಗೆದುಹಾಕಿ, ಅಲ್ಲಿ ಊದುವ ವಾದ್ಯಗಳಿಗೆ ಜಾಗ ಬಿಟ್ಟು 'ಜಂಗಲ್ ಜಾಝ್' ಎಂದು ಹೊರತಂದರು. ನೆಲ ಒಂದೇ, ಬೆಳೆ ಬೇರೆ.

ಫಂಕ್ ಎಂದರೆ ಏನು ಎಂದು ಸಂಜೆ ಚಹಾ ಕುಡಿಯುವಾಗ ಹಿರಿಯರೊಬ್ಬರು ಕೇಳಿದರು. ನಾನು ಹೇಳಿದೆ: ಸಮದ ಮೇಲೆ ಕಣ್ಣಿಟ್ಟ ಸಂಗೀತ. ಫಂಕ್ ಗಾಯಕ ಜೇಮ್ಸ್ ಬ್ರೌನ್ ತಮ್ಮ ವಾದಕರಿಗೆ ಹಿಡಿಸಿದ ಪಾಠವೇ ಅದು, ಆವರ್ತದ ಮೊದಲ ಏಟಿಗೆ ಎಲ್ಲರೂ ಕೂಡಬೇಕು. ಮಿಕ್ಕ ಹೊತ್ತು ಗಿಟಾರು, ಕಹಳೆ, ಕೀಬೋರ್ಡು ಎಲ್ಲವೂ ತಾಳವಾದ್ಯದಂತೆ ಸಣ್ಣ ಸಣ್ಣ ಬಡಿತ ಹಾಕುತ್ತಾ, ಒಬ್ಬರು ಬಿಟ್ಟ ಸಂದಿಯಲ್ಲಿ ಇನ್ನೊಬ್ಬರು ನುಗ್ಗುತ್ತಾ ಸಾಗಬೇಕು. ತಮಟೆ ಮೇಳ ಒಂದು ಗತಿ ಹಿಡಿದ ಮೇಲೆ ಯಾರ ಕಾಲೂ ಸುಮ್ಮನಿರುವುದಿಲ್ಲವಲ್ಲ, ಹಾಗೆ. ಜಾಝ್‌ನಲ್ಲಿ ಮನೋಧರ್ಮಕ್ಕೆ ಮೊದಲ ಮಣೆ. ಪಲ್ಲವಿ ಹೇಳಿ ಮುಗಿಸಿದ ಮೇಲೆ ಕಲ್ಪನಾಸ್ವರಕ್ಕೆ ಹೊರಟ ವಿದ್ವಾಂಸರ ಹಾಗೆ, ಎಲ್ಲಿ ಹೋಗುತ್ತಾರೆ ಎಂಬುದು ಅವರಿಗೂ ಆ ಕ್ಷಣದಲ್ಲೇ ತಿಳಿಯುತ್ತದೆ. ಕೂಲ್ ಅಂಡ್ ದಿ ಗ್ಯಾಂಗ್ ಮೊದಲನೆಯದಕ್ಕೆ ಹೆಸರಾದರು. ಅವರೊಳಗೆ ಎರಡನೆಯದೂ ಇತ್ತೆಂದು ತೋರಿಸಿದ್ದು ಆರಿಸಿದವರ ಕೈ.

ಆರಿಸುವುದು ನಮ್ಮಲ್ಲಿ ಸಣ್ಣ ಕೆಲಸ ಎನಿಸಿಕೊಂಡಿರಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಮಲ್ಲಿಕಾರ್ಜುನ ಎಂಬ ಕವಿ 'ಸೂಕ್ತಿಸುಧಾರ್ಣವ' ಮಾಡಿದ. ಶಬ್ದಮಣಿದರ್ಪಣ ಬರೆದ ಕೇಶಿರಾಜನ ತಂದೆ ಈತ. ಹಿಂದಿನ ಕವಿಗಳ ಪದ್ಯಗಳನ್ನು ಹೆಕ್ಕಿ, ಸಮುದ್ರ, ನಗರ, ಋತು, ಚಂದ್ರೋದಯ ಹೀಗೆ ಹದಿನೆಂಟು ವರ್ಣನೆಗಳ ಪ್ರಕಾರ ಜೋಡಿಸಿದ. ಮೊದಲನೆಯ ಗುಣವರ್ಮನ ಕಾವ್ಯಗಳು ಇಡಿಯಾಗಿ ನಮಗೆ ಸಿಕ್ಕಿಲ್ಲ. ಇಂಥ ಸಂಕಲನಗಳಲ್ಲಿ, ಕೇಶಿರಾಜನ ಉದಾಹರಣೆಗಳಲ್ಲಿ ಉಳಿದ ಪದ್ಯಗಳಿಂದಲೇ ಅವನ ಕೈ ಎಂಥದ್ದೆಂದು ಊಹಿಸಬೇಕು. ತಂದೆ ಆರಿಸಿಟ್ಟ, ಮಗ ವ್ಯಾಕರಣಕ್ಕೆ ಬಳಸಿಕೊಂಡ, ನಡುವೆ ಒಬ್ಬ ಕವಿ ಅಷ್ಟಿಷ್ಟು ಬದುಕಿಕೊಂಡ. ಇನ್ನು ಶೂನ್ಯಸಂಪಾದನೆ ನೋಡಿ. ವಚನಗಳು ಮೊದಲೇ ಇದ್ದವು. ಶಿವಗಣಪ್ರಸಾದಿ ಮಹದೇವಯ್ಯ ಅವನ್ನು ಸಂವಾದವಾಗುವಂತೆ ಜೋಡಿಸಿದ. ಆ ಜೋಡಣೆ ಒಪ್ಪದೆ ಹಲಗೆಯಾರ್ಯ ಮತ್ತೆ ಜೋಡಿಸಿದ. ಆಮೇಲೆ ಇನ್ನಿಬ್ಬರು. ವಚನ ಅವೇ, ಆದರೆ ಯಾವುದರ ಪಕ್ಕ ಯಾವುದು ಎಂಬುದಕ್ಕೆ ನಾಲ್ಕು ಗ್ರಂಥಗಳಾದವು! ಜೋಡಿಸುವುದೂ ಒಂದು ವಾದ ಹೂಡುವುದೇ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಅದೇ ಕನ್ನಡಿಗರು ಕ್ಯಾಸೆಟ್ಟಿಗೆ ಬಂದಾಗ ಏನು ಮಾಡಿದೆವು? ರಾಜ್ ಹಿಟ್ಸ್, ವಿಷ್ಣು ಹಿಟ್ಸ್, ಎಸ್ಪಿಬಿ ಹಿಟ್ಸ್. ವಿರಹಗೀತೆಗಳು, ಮಳೆ ಹಾಡುಗಳು, ತಾಯಿ ಹಾಡುಗಳು. ಎರಡನೆಯ ಸಾಲಿನವನ್ನು ನಾನು ಕ್ಷಮಿಸುತ್ತೇನೆ, ಮಲ್ಲಿಕಾರ್ಜುನನ ಹದಿನೆಂಟು ವರ್ಣನೆಯ ಪಳೆಯುಳಿಕೆ ಅದರಲ್ಲಿದೆ. ಆದರೆ ಹಾಡು ಕಟ್ಟಿದವನ ಹೆಸರು ಹೊದಿಕೆಯ ಹಿಂದೆ ಸಾಸಿವೆ ಅಕ್ಷರದಲ್ಲಿ. ಅವನ ಯಾವ ಮುಖ ಕಾಣಬೇಕು ಎಂದು ಯಾರೂ ಯೋಚಿಸಿದ ಹಾಗಿಲ್ಲ.

ಈಗ ಈ ಊರಿಗೆ ಬರುತ್ತೇನೆ. ಕನ್ನಡ ಚಿತ್ರಸಂಗೀತದ ದೊಡ್ಡ ಹೆಸರುಗಳಲ್ಲಿ ಒಂದಾದ ಜಿ.ಕೆ. ವೆಂಕಟೇಶ್ ಹುಟ್ಟಿದ್ದು ಹೈದರಾಬಾದಿನಲ್ಲಿ, 1927ರಲ್ಲಿ. ಮನೆಮಾತು ತೆಲುಗು. ಮದರಾಸಿಗೆ ಹೋಗಿ ಎಸ್.ಎಂ. ಸುಬ್ಬಯ್ಯ ನಾಯ್ಡು, ಎಂ.ಎಸ್. ವಿಶ್ವನಾಥನ್ ಅವರ ಬಳಿ ಪಳಗಿ, ಕೊನೆಗೆ ಕನ್ನಡಕ್ಕೆ ಬಂದು ನಿಂತರು. ಕನ್ನಡಿಗರು ಹೈದರಾಬಾದಿಗೆ ಬಂದದ್ದರ ಬಗ್ಗೆ ನಾವು ಆಗಾಗ ಸಭೆ ಮಾಡುತ್ತೇವೆ. ಹೈದರಾಬಾದು ಕನ್ನಡಕ್ಕೆ ಕಳಿಸಿದ್ದರ ಲೆಕ್ಕವೂ ಇರಲಿ ಎಂದು ಹೇಳಿದೆ.

ವೆಂಕಟೇಶ್ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? 'ಸಂಧ್ಯಾರಾಗ', 1966. ಅ.ನ.ಕೃ. ಕಾದಂಬರಿ ಆಧರಿಸಿದ ಚಿತ್ರ. ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಹಾಡಿದ್ದಾರೆ. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ'. 1977ರ 'ಸನಾದಿ ಅಪ್ಪಣ್ಣ', ಅದರಲ್ಲಿ ಶಹನಾಯಿ ನುಡಿಸಿದವರು ಸಾಕ್ಷಾತ್ ಬಿಸ್ಮಿಲ್ಲಾ ಖಾನ್. ಶಾಸ್ತ್ರೀಯದ ಗಾಂಭೀರ್ಯ, ಮಣ್ಣಿನ ಮೆಲುಕು. ನಮ್ಮ ಮಾವನ ಪಟ್ಟಿಯ ಎಂಟರಲ್ಲಿ ಐದು ಇಂಥವೇ.

ಈಗ 'ಸಂಧ್ಯಾರಾಗ' ಆಗಿ ಎರಡೇ ವರ್ಷಕ್ಕೆ, 1968ರಲ್ಲಿ, 'ಜೇಡರ ಬಲೆ' ಬರುತ್ತದೆ. ನಾಯಕ ರಾಜ್‌ಕುಮಾರ್ ಅವರೇ. ಸಂಧ್ಯಾರಾಗದ ನಿರ್ದೇಶಕರಲ್ಲಿ ಒಬ್ಬರಾದ ಎಸ್.ಕೆ. ಭಗವಾನ್ ಇಲ್ಲಿ ದೊರೆ ಅವರ ಜೊತೆಗೂಡಿದ್ದಾರೆ. ಸಂಗೀತ ಅದೇ ವೆಂಕಟೇಶ್. ಆದರೆ ಈಗ ತಂಬೂರಿ ಇಲ್ಲ. ಕೋಟು, ಪಿಸ್ತೂಲು, ಏಜೆಂಟ್ ಸಿ.ಐ.ಡಿ. 999. ಬೆನ್ನಿಗೇ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಒಂಬತ್ತು ವರ್ಷ ಬಿಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಆ ಕೊನೆಯದರಲ್ಲಿ ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಒಂದು ಹಾಡು ಹಾಡಿದ್ದಾರೆ. ಇವತ್ತಿನ ಹುಡುಗರು ಅದನ್ನು ಫೋನಿನಿಂದ ಫೋನಿಗೆ ಕಳಿಸಿ ನಗುತ್ತಾರೆ. ನಗಲಿ. ನಕ್ಕ ಮೇಲೆ ಹಾಡುವವರನ್ನು ಸ್ವಲ್ಪ ಬದಿಗಿಟ್ಟು, ಹಿಂದಿನ ವಾದ್ಯಗಳ ಮೇಲೆ ಕಿವಿ ಇಡಿ ಎಂದಷ್ಟೇ ನನ್ನ ಕೋರಿಕೆ.

ಪತ್ತೇದಾರಿ ಚಿತ್ರ ಸಂಗೀತ ನಿರ್ದೇಶಕನಿಗೆ ಒಂದು ರಜೆ ಇದ್ದ ಹಾಗೆ. ಅಲ್ಲಿ ರಾಗಶುದ್ಧಿ ಕೇಳುವವರಿಲ್ಲ. ಕಳ್ಳನ ಅಡ್ಡೆಯ ಕುಣಿತ, ಕಾರಿನ ಬೆನ್ನಟ್ಟುವಿಕೆ, ಕತ್ತಲಲ್ಲಿ ಹೆಜ್ಜೆ ಸಪ್ಪಳ ಇವೆಲ್ಲಕ್ಕೂ ಊದುವ ವಾದ್ಯ, ಬಾಂಗೊ, ಬೇಸ್ ಗಿಟಾರು ಬೇಕೇಬೇಕು. ಶಾಸ್ತ್ರೀಯದ ಹಾದಿಯಲ್ಲಿ ಮಡಿಯುಟ್ಟು ನಡೆದವರು ಇಲ್ಲಿ ಪಂಚೆ ಎತ್ತಿಕಟ್ಟಿ ಓಡಬಹುದು. ವೆಂಕಟೇಶ್ ಓಡಿದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಅವರ ಲಯದ ತುಂಟತನ ಪೂರ್ತಿ ಬಿಚ್ಚಿಕೊಂಡದ್ದು ಈ ಚಿತ್ರಗಳಲ್ಲೇ. ವಿದ್ವಾಂಸರು ಒಪ್ಪಬೇಕಾಗಿಲ್ಲ.

ಅವರ ಕೈಕೆಳಗೆ ದುಡಿದವರನ್ನು ನೋಡಿದರೆ ನನ್ನ ಮಾತಿಗೆ ಸ್ವಲ್ಪ ಬಲ ಬರುತ್ತದೆ. ಇಳಯರಾಜ 1976ರಲ್ಲಿ 'ಅನ್ನಕ್ಕಿಳಿ' ಚಿತ್ರದಿಂದ ಬೆಳಕಿಗೆ ಬರುವ ಮೊದಲು ವೆಂಕಟೇಶ್ ಅವರಿಗೆ ಗಿಟಾರ್ ವಾದಕ, ಸಹಾಯಕ. ಆ ದಿನಗಳ ದುಡಿಮೆಯಲ್ಲಿ ಬಹುಪಾಲು ಕನ್ನಡ ಚಿತ್ರಗಳದ್ದು. ಎಲ್. ವೈದ್ಯನಾಥನ್ ಕೂಡ ಇದೇ ಗರಡಿಯವರು. ಕಾಶೀನಾಥರ 'ಅಪರಿಚಿತ', ಮಾತೇ ಇಲ್ಲದ 'ಪುಷ್ಪಕ ವಿಮಾನ', ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಎಲ್ಲದಕ್ಕೂ ಸಂಗೀತ ಅವರದು. ಅವರ ತಮ್ಮ ಎಲ್. ಶಂಕರ್, ಜಾಝ್ ಗಿಟಾರಿನ ಜಾನ್ ಮೆಕ್‌ಲಾಕ್ಲಿನ್ ಮತ್ತು ಜಾಕಿರ್ ಹುಸೇನರ ಜೊತೆ ಸೇರಿ 'ಶಕ್ತಿ' ತಂಡ ಕಟ್ಟಿದರು. ಒಂದು ಮನೆಯ ಜಗಲಿ ಎಲ್ಲಿಂದ ಎಲ್ಲಿಗೆ ಚಾಚಿದೆ ನೋಡಿ.

ಶಿಷ್ಯ ಇಳಯರಾಜರ 1977ರಿಂದ 1983ರವರೆಗಿನ ಚಿತ್ರಗೀತೆಗಳಲ್ಲಿ ಎಲೆಕ್ಟ್ರಾನಿಕ್ ನಾದ ಇರುವಂಥವನ್ನು ಹೆಕ್ಕಿ ಇಂಗ್ಲೆಂಡಿನ ಫೈಂಡರ್ಸ್ ಕೀಪರ್ಸ್ ಎಂಬ ಪುಟ್ಟ ಕಂಪನಿ ಸಂಕಲನ ಮಾಡಿತು. ತಮಿಳು ಗೊತ್ತಿಲ್ಲದವರು ಕೊಂಡು ಕೇಳುತ್ತಾರೆ. ಗುರುವಿನದಕ್ಕೆ ನಾನು ಬೆಂಗಳೂರಿನಲ್ಲಿ ಅಲೆದೆ, ಇಲ್ಲಿ ಎರ್ರಗಡ್ಡದ ಭಾನುವಾರದ ಸಂತೆಯಲ್ಲಿ ಹಳೆಯ ಪ್ಲೇಟುಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಸಿಕ್ಕಿದ್ದು ಎರಡು ಭಕ್ತಿಗೀತೆ, ಒಂದು ಬೆನ್ನುನೋವು.

ಆದ್ದರಿಂದ ಮನಸ್ಸಿನಲ್ಲೇ ಒಂದನ್ನು ಜೋಡಿಸಿದ್ದೇನೆ. ನಾಲ್ಕು ಸಿ.ಐ.ಡಿ. ಚಿತ್ರಗಳ ಶೀರ್ಷಿಕೆ ಸಂಗೀತ, ಕುಣಿತದ ಹಾಡುಗಳು, ಹಾಡಿನ ನಡುವೆ ವಾದ್ಯಗಳಷ್ಟೇ ಮಾತಾಡುವ ತುಣುಕುಗಳು. ಇಂಗ್ಲಿಷ್ ಹಾಡು ಒಂದನೇ ಬದಿಯ ಕೊನೆಗೆ. 'ಸನಾದಿ ಅಪ್ಪಣ್ಣ' ಸೇರಿಸು ಎಂದು ಗೆಳೆಯರು ಪಟ್ಟು ಹಿಡಿದರು. ಬಿಸ್ಮಿಲ್ಲಾ ಖಾನರನ್ನು ಬಿಡುತ್ತೀಯಾ ಎಂದು ಬೈದರು. ಬಿಟ್ಟೆ. ಆ ಶಹನಾಯಿ ಬಂದು ಕೂತರೆ ಪಕ್ಕದಲ್ಲಿರುವ ಬಾಂಗೊ ಎದ್ದು ನಿಂತು ಕೈಮುಗಿಯುತ್ತದೆ, ಆಮೇಲೆ ಬಾರಿಸುವುದಿಲ್ಲ. 'ಕೂಲ್ ಜಾಝ್' ಮಾಡಿದವರೂ ಕುಣಿಸುವ ಹಾಡು ಒಂದಾದರೂ ಇರಲಿ ಎಂಬ ಆಸೆಯನ್ನು ತಡೆದುಕೊಂಡಿರಬೇಕು. ಬಿಡುವಾಗ ಕೈ ನಡುಗಬೇಕು, ಆದರೂ ಬಿಡಬೇಕು.

ಸಿನಿಮಾದ ಆಚೆ ನಮ್ಮಲ್ಲಿ ಜಾಝ್ ಜೊತೆ ನೇರವಾಗಿ ಕೂತವರೂ ಇದ್ದಾರೆ. ಜೆರ್ಸಿ ಸಿಟಿಯ ಹುಡುಗರು ಸೇರಿದ ಅದೇ 1964ರಲ್ಲಿ ಬೆಂಗಳೂರಿನಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು ಕರ್ನಾಟಕ ತಾಳವಾದ್ಯ ಕಾಲೇಜು ಶುರುಮಾಡಿದರು. ಹೊರದೇಶದವರು ಅದನ್ನು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂದೇ ಬಲ್ಲರು. ಬಾಸ್ಟನ್ನಿನಲ್ಲಿ ಹುಟ್ಟಿದ ಚಾರ್ಲಿ ಮಾರಿಯಾನೊ ಎಂಬ ಸ್ಯಾಕ್ಸೊಫೋನ್ ವಾದಕ ಇವರ ಜೊತೆಗೂಡಿದರು. ಚಾರ್ಲ್ಸ್ ಮಿಂಗಸ್ ತಂಡದಲ್ಲಿ ಹೆಸರು ಮಾಡಿ, ಆಮೇಲೆ ನಾಗಸ್ವರಕ್ಕೆ ಮನಸೋತು, ಅದನ್ನು ಕಲಿಯಲು ದಕ್ಷಿಣ ಭಾರತಕ್ಕೆ ಬಂದವರು. 1983ರಲ್ಲಿ ಜರ್ಮನಿಯ ಇ.ಸಿ.ಎಂ. ಕಂಪನಿಗೆ ಎಲ್ಲರೂ ಸೇರಿ 'ಜ್ಯೋತಿ' ಎಂಬ ಆಲ್ಬಮ್ ಮಾಡಿದರು. ಆರ್.ಎ. ರಮಾಮಣಿ ಅವರ ಕಂಠ, ಮಣಿ ಅವರ ಮೃದಂಗ, ರಾಜಗೋಪಾಲ್ ಅವರ ಘಟ, ಶಶಿಕುಮಾರ್ ಅವರ ಖಂಜಿರ. ಇದರಲ್ಲಿ ನನಗೆ ಇಷ್ಟವಾಗುವುದು ಮಾರಿಯಾನೊ ಅವರ ಸಂಕೋಚ. ದೊಡ್ಡ ವಾದಕ, ಆದರೂ ರಮಾಮಣಿ ಅವರ ದನಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂದು ಕಾದು, ಅಷ್ಟರಲ್ಲಿ ತನ್ನ ಮಾತು ಹೇಳಿ ಹಿಂದೆ ಸರಿಯುತ್ತಾರೆ. ಮನೆಗೆ ಬಂದ ಅತಿಥಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ ಹಾಗೆ.

ಇನ್ನೊಬ್ಬರು ರುದ್ರೇಶ್ ಮಹಾಂತಪ್ಪ. ಹುಟ್ಟಿದ್ದು 1971ರಲ್ಲಿ ಇಟಲಿಯಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ, ತಂದೆತಾಯಿ ಕರ್ನಾಟಕದ ಮೂಲದವರು. ಇವರಿಗೆ ಅಣ್ಣ ತಮಾಷೆಗೆಂದು ಕೊಟ್ಟ ಉಡುಗೊರೆ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿನ ಆಲ್ಬಮ್. ತಮಾಷೆ ಗಂಭೀರವಾಯಿತು. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಮಾಡಿದರು, ಬಂಧುಗಳು ಎಂಬ ಅರ್ಥ. ಅದಕ್ಕೂ ಮುಂಚಿನ 2004ರ 'ಮದರ್ ಟಂಗ್' ಈ ಊರಿನವರು ಕೇಳಲೇಬೇಕಾದದ್ದು. ಅಮೆರಿಕದಲ್ಲಿ ಅವರನ್ನು ಜನ ಕೇಳುತ್ತಿದ್ದರಂತೆ, ನೀವು ಇಂಡಿಯನ್ ಮಾತಾಡುತ್ತೀರಾ ಎಂದು. ಅಂಥದೊಂದು ಭಾಷೆಯೇ ಇಲ್ಲವಲ್ಲ. ಅದೇ ಪ್ರಶ್ನೆಯನ್ನು ಭಾರತೀಯರಿಗೆ ಹಾಕಿ, ಅವರವರ ಭಾಷೆಯಲ್ಲಿ ಬಂದ ಉತ್ತರಗಳನ್ನು ಧ್ವನಿಮುದ್ರಿಸಿ, ಆ ಮಾತಿನ ಏರಿಳಿತವನ್ನೇ ಸ್ವರಕ್ಕಿಳಿಸಿ ಜಾಝ್ ಕಟ್ಟಿದರು. ರಚನೆಗಳ ಹೆಸರು ಕನ್ನಡ, ತೆಲುಗು, ಕೊಂಕಣಿ, ತಮಿಳು, ಗುಜರಾತಿ, ಮಲಯಾಳಂ. ಕನ್ನಡ ತೆಲುಗು ಎರಡೂ ಒಂದೇ ಪ್ಲೇಟಿನಲ್ಲಿ, ಸನತ್‌ನಗರದ ಒಂದೇ ವಠಾರದ ಎರಡು ಮನೆಗಳ ಹಾಗೆ. ಕನ್ನಡದ ಏರಿಳಿತ ನಮಗೆ ಕೇಳಿಸುವುದೇ ಇಲ್ಲ, ಒಳಗೇ ಇದ್ದೇವಲ್ಲ. ಅದನ್ನು ಸ್ಯಾಕ್ಸೊಫೋನು ಹೇಳಿ ತೋರಿಸಬೇಕಾಯಿತು.

ಮಾವನ ಅಂಗಡಿಯವನ ಬಗ್ಗೆ ಒಂದು ಮಾತು ಉಳಿದಿದೆ. ಅವನು ಬೇಕೆಂದೇ ಆ ತುಣುಕು ಹಾಕಿದನೋ, ಕೈಗೆ ಮೊದಲು ಸಿಕ್ಕ ಪ್ಲೇಟನ್ನು ಹಾಕಿದನೋ? ನಾನು ಬಹಳ ಕಾಲ ಎರಡನೆಯದನ್ನೇ ನಂಬಿದ್ದೆ. ಆದರೆ ಆ ಕ್ಯಾಸೆಟ್ಟಿನ ಎಂಟನೆಯ ಹಾಡು ಯಾವುದು ಗೊತ್ತೇ? 'ಗೋವಾದಲ್ಲಿ ಸಿ.ಐ.ಡಿ. 999' ಚಿತ್ರದ್ದು. ಮಾವನ ಪಟ್ಟಿಯಲ್ಲಿ ಅದು ಮೂರನೆಯದಾಗಿತ್ತು. ಕ್ಯಾಸೆಟ್ ಡಬ್ಬಿಯೊಳಗೆ ಅವರ ಕೈಬರಹದ ಚೀಟಿ ಈಗಲೂ ಇದೆ. ಅಂಗಡಿಯವ ಅದನ್ನು ಕೆಳಗಿಳಿಸಿ ಕೊನೆಗೆ ಹಾಕಿದ್ದಾನೆ, ಅದರ ಬೆನ್ನಿಗೆ ಈ ಸ್ಯಾಕ್ಸೊಫೋನು. ಅವನಿಗೆ ಕನ್ನಡ ಬರುತ್ತಿರಲಿಲ್ಲ.

ಈಗ ದಯವಿಟ್ಟು ಆ ಫ್ಯಾನನ್ನು ಸ್ವಲ್ಪ ನಿಲ್ಲಿಸಿ. ಮೊದಲು ಎಂಟನೆಯ ಹಾಡಿನ ಬಾಲ ಬರುತ್ತದೆ, ಆಮೇಲೆ ಟಕ್ ಎನ್ನುತ್ತದೆ, ಆಮೇಲೆ ಅದು. ಅರ್ಧಕ್ಕೇ ನಿಲ್ಲುತ್ತದೆ. ಯಂತ್ರ ಕೆಟ್ಟಿತೆಂದುಕೊಂಡು ಯಾರೂ ಎದ್ದು ಬರಬೇಡಿ.